ಊಟ ಬಿಟ್ಟು ಚಮಚ ಹೊತ್ತದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಳೆ ನೀವು ಇದನ್ನು ಬೇರೆಯವರ ಬಾಯಲ್ಲಿ ಕೇಳಿ ನಗುವುದಕ್ಕಿಂತ ನನ್ನ ಬಾಯಲ್ಲೇ ಕೇಳಿ ನಕ್ಕರೆ ಒಳ್ಳೆಯದು. ಗುಡ್ಡ ಹತ್ತಲು ಹೊರಟ ದಿನ, ಊಟವನ್ನು ಭಾರವೆಂದು ಮನೆಯಲ್ಲಿ ಬಿಟ್ಟು, ಊಟ ಮಾಡುವ ಚಮಚವನ್ನು ಹಗುರವೆಂದು ಚೀಲಕ್ಕೆ ಹಾಕಿಕೊಂಡವನು ನಾನೇ.

ಆ ಚಮಚ ಈಗಲೂ ನಮ್ಮ ಅಡುಗೆಮನೆಯಲ್ಲಿ ಉಂಟು. ಒಂದು ತುದಿಯಲ್ಲಿ ಚಮಚ, ಇನ್ನೊಂದು ತುದಿಯಲ್ಲಿ ಮುಳ್ಳು, ಒಂದು ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಸಣ್ಣ ಹಲ್ಲು. ಹದಿನೇಳು ಗ್ರಾಂ ತೂಗುವ ಈ ಸಾಹಸದ ವಸ್ತುವಿನಿಂದ ಅಮ್ಮ ಡಬ್ಬದ ತಳದಲ್ಲಿ ಗಟ್ಟಿಯಾದ ಬೆಲ್ಲ ಕೆರೆಯುತ್ತಾಳೆ. ನಿನ್ನೆ ಬೆಳಿಗ್ಗೆ ಕೆರೆಯುತ್ತ, "ನೀನು ತಂದದ್ದರಲ್ಲಿ ಪ್ರಯೋಜನಕ್ಕೆ ಬಂದದ್ದು ಇದೊಂದೇ ನೋಡು" ಎಂದಳು. ತಂದದ್ದರಲ್ಲಿ ಎನ್ನುವಾಗ ಆಕೆಯ ಕಣ್ಣು ನನ್ನನ್ನೂ ಆ ಪಟ್ಟಿಯಲ್ಲಿ ಸೇರಿಸಿಕೊಂಡ ಹಾಗೆ ಕಂಡಿತು. ಆಗಲೇ ಇದನ್ನು ಬರೆಯಬೇಕೆಂದು ತೋರಿದ್ದು.

ನನ್ನ ಪರಿಚಯ ಹೇಳಬೇಕು. ಹೆಸರು ಸುಜಿತ್. ಊರು ಗಡಿನಾಡಿನ ಕುಂಬ್ಡಾಜೆಯ ಒಂದು ಮೂಲೆ. ವಾರದಲ್ಲಿ ಆರು ದಿನ ಬದಿಯಡ್ಕದಲ್ಲಿ ಜನರಿಗೆ ಅರ್ಜಿ ತುಂಬಿಸಿ ಕೊಡುವ ಅಂಗಡಿಯಲ್ಲಿ ಕೂರುತ್ತೇನೆ. ಏಳನೆಯ ದಿನ ಮಿಮಿಕ್ರಿ ಮಾಡುತ್ತೇನೆ. ಆರು ದಿನವೂ ಮಿಮಿಕ್ರಿಯೇ ಮಾಡುತ್ತೇನೆಂದು ಅಂಗಡಿಯ ಯಜಮಾನರ ದೂರು. ಟಿಕೇಟು ಕೊಡುತ್ತಲೇ ತುಳು, ಕನ್ನಡ, ಮಲಯಾಳ ಮೂರರಲ್ಲೂ ಒಟ್ಟಿಗೆ ಬೈಯುವ ಬಸ್ಸಿನ ಕಂಡಕ್ಟರು, ಮೈಕು ಸಿಕ್ಕಿದರೆ ಬಿಡದ ಪಂಚಾಯತು ಮೆಂಬರು, ಚುಚ್ಚುಮದ್ದು ಕೊಡುವ ಮೊದಲು "ಎಂತದೂ ಆಗುವುದಿಲ್ಲ" ಎಂದು ಹೇಳಿಯೇ ಹೆದರಿಸುವ ನರ್ಸಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಒಳಗೆ ಇಷ್ಟು ಜನ ತುಂಬಿರುವುದರಿಂದಲೋ ಏನೋ, ನನ್ನ ಸ್ವಂತ ಸ್ವರಕ್ಕೆ ಜಾಗವಿಲ್ಲದೆ ಅದು ಸಣ್ಣಗೆ, ಎಣ್ಣೆ ಕಾಣದ ಗೇಟಿನ ಹಾಗೆ ಬರುತ್ತದೆ.

ನಮ್ಮ ಬೇಲಿಯ ಆಚೆ ಗಿರಿಜಕ್ಕನ ಮನೆ. ಅವರ ಗಂಡ ಸುಬ್ಬಣ್ಣ ಅಗಲ್ಪಾಡಿ ಕಡೆ ಅಡಿಕೆ ಖರೀದಿ ಮಾಡುವವರು. ಗಿರಿಜಕ್ಕನಿಗೆ ಒಂದು ಅಭ್ಯಾಸ: ಬೆಳಿಗ್ಗೆ ಹಾಲು ಕರೆಯುವಾಗ ಗೌರಿ ಎಂಬ ದನದ ಹತ್ತಿರ ಮಾತಾಡುವುದು. ಸುಮ್ಮನೆ ಹೋ, ಬಾ, ನಿಲ್ಲು ಅಲ್ಲ. ಪೂರಾ ಸಂಸಾರದ ಮಾತು. ಬೇಲಿಯ ಈಚೆ ಹಲ್ಲುಜ್ಜುತ್ತ ನಿಂತ ನನಗೆ ಅದೆಲ್ಲ ಕೇಳುತ್ತಿತ್ತು. ಕೇಳದ ಹಾಗೆ ಆಚೆ ಹೋಗಿ ಹಲ್ಲುಜ್ಜಬಹುದಿತ್ತು ಎನ್ನುತ್ತೀರಾ? ಹೌದು, ಬಹುದಿತ್ತು.

ಕಳೆದ ಓಣಂಗೆ ಕ್ಲಬ್ಬಿನ ಕಾರ್ಯಕ್ರಮದಲ್ಲಿ ನಾನು ಅದನ್ನು ವೇದಿಕೆಯ ಮೇಲೆ ಮಾಡಿಬಿಟ್ಟೆ. ಸ್ಟೂಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾಣದ ಕೆಚ್ಚಲು ಹಿಡಿದು, ಗಿರಿಜಕ್ಕನದೇ ಸ್ವರದಲ್ಲಿ: "ಗೌರೀ, ನೀನು ಹುಲ್ಲು ತಿಂದ ಮೇಲೆ ಮೆಲುಕಾದ್ರೂ ಹಾಕ್ತೀ. ಅಲ್ಲಿ ಒಬ್ರು ಇದ್ದಾರೆ, ನುಂಗುವುದು ಮಾತ್ರ. ಸಾರಿಗೆ ಉಪ್ಪು ಹಾಕದಿದ್ರೂ ಗೊತ್ತಾಗುವುದಿಲ್ಲ. ಮೊನ್ನೆ ಪರೀಕ್ಷೆ ಮಾಡ್ಲಿಕ್ಕೆ ಹಾಕದೆಯೇ ಬಡಿಸಿದೆ ಮಾರಾಯ್ತಿ, 'ಇವತ್ತು ಸಾರು ಒಳ್ಳೇದಾಗಿದೆ' ಅಂದ್ರು!"

ಜನ ಕುರ್ಚಿಯಿಂದ ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಸುಬ್ಬಣ್ಣ ಕೂತಿದ್ದರು. ಅವರೂ ನಕ್ಕರು, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ, ಯಾರ ಬಗ್ಗೆ ಎಂದು ಹೊಳೆದು, ನಿಲ್ಲಿಸಿದರು. ಗಿರಿಜಕ್ಕನೂ ಸೆರಗಿನ ಅಂಚನ್ನು ಬಾಯಿಗೆ ಹಿಡಿದು ನಕ್ಕ ಹಾಗೆ ಮಾಡಿದರು. ನನಗೆ ಪ್ರಥಮ ಬಹುಮಾನವಾಗಿ ನೀಲಿ ಬಕೆಟು ಸಿಕ್ಕಿತು. ಅಂದಿನಿಂದ ಸುಬ್ಬಣ್ಣ ಬಾಯಿಗೆ ತುತ್ತಿಡುವ ಮೊದಲೇ "ಉಪ್ಪು ಸರಿ ಉಂಟು" ಎನ್ನುತ್ತಾರಂತೆ.

ಮರುದಿನ ಬೇಲಿಯ ಬಳಿ ನಿಂತು, "ಗಿರಿಜಕ್ಕಾ, ಹೇಗಿತ್ತು ನಿನ್ನೆ?" ಎಂದು ಕೇಳಿದೆ. ಅವರು ನನ್ನನ್ನು ನೋಡಲಿಲ್ಲ. ಪಕ್ಕದ ತೆಂಗಿನ ಮರವನ್ನು ನೋಡಿ, "ಇವತ್ತು ಬಿಸಿಲು ಜೋರುಂಟು" ಎಂದು ಅದಕ್ಕೆ ತಿಳಿಸಿ ಒಳಗೆ ಹೋದರು. ಅಲ್ಲಿಂದ ಮೂರು ತಿಂಗಳು ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ನನ್ನ ಎದುರು ನಿಂತು ನನಗೇ ಏನಾದರೂ ಹೇಳಬೇಕಾದರೆ ಮೂರನೆಯವರನ್ನು ಹುಡುಕುತ್ತಿದ್ದರು: "ಆ ಜನದತ್ರ ಹೇಳಿ, ಬೈಕು ಸ್ವಲ್ಪ ಆಚೆ ಇಡ್ಲಿಕ್ಕೆ." ಸುಜಿತ್ ಆಗಿದ್ದವನು ಹೀಗೆ ಒಂದೇ ರಾತ್ರಿಯಲ್ಲಿ 'ಆ ಜನ' ಆದೆ.

ಅಷ್ಟೇ ಆಗಿದ್ದರೆ ನಾನು ಅದನ್ನೂ ಮಿಮಿಕ್ರಿ ಮಾಡಿ ತಿರುಗುತ್ತಿದ್ದೆ. ಆದರೆ ಒಂದು ದಿನ ಬೆಳಿಗ್ಗೆ ಅಮ್ಮ ನನ್ನನ್ನು ಬೇಲಿಯ ಬಳಿ ಕರೆದು, "ಕೇಳು" ಎಂದಳು. ಕೇಳಿದೆ. ಹಾಲು ಬಿಂದಿಗೆಗೆ ಬೀಳುವ ಚೊರ್ ಚೊರ್ ಸದ್ದು ಮಾತ್ರ.

"ಎಂತ ಕೇಳ್ತದೆ?"

"ಎಂತದೂ ಇಲ್ಲ."

"ಅದೇ. ಮೂರು ತಿಂಗಳಾಯ್ತು ಗಿರಿಜಕ್ಕ ದನದತ್ರವೂ ಮಾತಾಡುವುದಿಲ್ಲ. ನನ್ನೊಟ್ಟಿಗೆ ಸೊಸೈಟಿಗೆ ಹಾಲು ಕೊಡ್ಲಿಕ್ಕೆ ಬರ್ತಿದ್ದವಳು ಈಗ ನನಗಿಂತ ಹತ್ತು ನಿಮಿಷ ಮೊದಲೇ ಹೋಗ್ತಾಳೆ. ಒಂದು ಹೆಂಗಸಿನ ಬಾಯಿ ಮುಚ್ಚಿಸಿ ಬಕೆಟು ತಂದ್ಯಲ್ಲ ನೀನು!"

ನಮ್ಮೊಳಗಿನ ಮಾತು ತುಳುವಿನದು. ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಬೈಗುಳದ ಕಾಲುಭಾಗ ದಾರಿಯಲ್ಲೇ ಚೆಲ್ಲಿಹೋಗಿದೆ.

ಅಮ್ಮನ ತೀರ್ಪು ಹೀಗೆ ಬಂತು. ಹೆಂಗಸರ ನೆರೆಕರೆ ಕೂಟದವರು ದಶಂಬರದಲ್ಲಿ ಬಾಯಾರಿನ ಕಡೆ ಗುಡ್ಡ ಹತ್ತಲು ಹೋಗುವುದೆಂದು ತೀರ್ಮಾನವಾಗಿತ್ತು; ಗಿರಿಜಕ್ಕ ಅದರ ಅಧ್ಯಕ್ಷೆ. ದಾರಿ ತೋರಿಸಲು ನಾನು ಹೋಗಬೇಕು. "ಗುಡ್ಡ ಇಳಿಯುವುದರೊಳಗೆ ಗಿರಿಜಕ್ಕ ನಿನ್ನತ್ರ ನೇರ ಒಂದು ಮಾತಾಡ್ಬೇಕು. ಬೈದ್ರೂ ಆಗ್ತದೆ. ಆದ್ರೆ ನೇರ ಬೈಬೇಕು. ಇಲ್ಲದಿದ್ರೆ ಮನೆಗೆ ಬಂದ ಮೇಲೆ ನಾನೂ ನಿನ್ನತ್ರ ತೆಂಗಿನ ಮರದ ಮೂಲಕವೇ ಮಾತಾಡುವುದು."

ಈಗ ಹೇಳಿ, ನೀವಾದರೆ ಏನು ಮಾಡುತ್ತಿದ್ದಿರಿ? ನೇರ ಹೋಗಿ ತಪ್ಪಾಯಿತು ಎನ್ನುತ್ತಿದ್ದಿರಿ. ನಾನು ಮೊಬೈಲಿನಲ್ಲಿ ಚಾರಣದ ವೀಡಿಯೋ ನೋಡಲು ಕೂತೆ. ಗಿರಿಜಕ್ಕನ ಹೆಗಲಿನ ಭಾರ ಇಳಿಸಿದರೆ ಮನಸ್ಸಿನ ಭಾರವೂ ಇಳಿದೀತು ಎಂಬುದು ನನ್ನ ತರ್ಕ. ಆ ವೀಡಿಯೋಗಳನ್ನು ನೋಡಬೇಡಿ ಮಾರಾಯ್ರೆ, ಅದೊಂದು ರೋಗ. ಒಬ್ಬ ಗಡ್ಡದವನು ಅಂಗಿಯ ಕಾಲರಿನ ಚೀಟಿ ಕತ್ತರಿಸಿ, "ಅರ್ಧ ಗ್ರಾಂ ಉಳಿಯಿತು" ಎಂದು ಸಂತೋಷಪಡುತ್ತಾನೆ. ಇನ್ನೊಬ್ಬ ಟೂತ್‌ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕೊಯ್ದು ತೋರಿಸುತ್ತಾನೆ. ನಾನೂ ಕೊಯ್ದೆ. ಹಿಡಿಯಿಲ್ಲದ ಬ್ರಷ್ಷನ್ನು ಎರಡು ಬೆರಳಲ್ಲಿ ಎತ್ತಿ ಅಮ್ಮನಿಗೆ ತೋರಿಸಿದಾಗ ಆಕೆ ಬಹಳ ಹೊತ್ತು ನೋಡಿ ಕೇಳಿದಳು: "ಬೆಳಿಗ್ಗೆ ಹೋಗಿ ಸಂಜೆ ಬರುವವನಿಗೆ ಗುಡ್ಡದ ಮೇಲೆ ಹಲ್ಲುಜ್ಜಲಿಕ್ಕೆ ಹೇಳಿದ್ದು ಯಾರು?"

ಇದು ನನಗೆ ಹೊಳೆದಿರಲಿಲ್ಲ.

ಭಾರದ ಮೇಲೆ ನನಗಿರುವ ದ್ವೇಷಕ್ಕೆ ಹಳೆಯ ಬೇರುಗಳಿವೆ. ಕನ್ನಡ ಮಾಧ್ಯಮದ ಶಾಲೆಗೆ ಹೋಗುವಾಗ ನನ್ನ ಚೀಲ ನನಗಿಂತ ದಪ್ಪವಿತ್ತು. ಕನ್ನಡದ ಪುಸ್ತಕಗಳ ಮೇಲೆ ಮಲಯಾಳದ್ದೊಂದು, ಅದರ ಮೇಲೆ ಕಡ್ಡಿ ಮುರಿದ ಕೊಡೆ, ಎಲ್ಲದರ ತಲೆಯ ಮೇಲೆ ಮುಚ್ಚಳ ಸರಿಯಾಗಿ ಕೂರದ ಸ್ಟೀಲಿನ ಬುತ್ತಿ. ಹಳ್ಳದ ಮೇಲಿನ ಸಂಕ ದಾಟಲು ಒಂದು ಹಾರು ಹಾರಿದರೆ ಬಸಳೆ ಸಾರು ಕೆಳಗಿಳಿಯುತ್ತಿತ್ತು. ಅದು ಕನ್ನಡ ಪುಸ್ತಕವನ್ನು ಮುಟ್ಟದೆ ನೇರ ಮಲಯಾಳದ ಮೇಲೆಯೇ ಇಳಿಯುವುದು ಯಾವ ನ್ಯಾಯವೋ ತಿಳಿಯದು. ಆರನೆಯ ಪಾಠದಿಂದ ಹನ್ನೊಂದನೆಯ ಪಾಠದವರೆಗೆ ಹಳದಿ ಕಲೆ, ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ. ಇಂದಿಗೂ ಅಂಗಡಿಯಲ್ಲಿ ಮಲಯಾಳದ ಅರ್ಜಿ ತುಂಬಿಸುವಾಗ ನನಗೆ ಹಸಿವಾಗುತ್ತದೆ.

ಇನ್ನು ಅಮ್ಮನ ಜೊತೆ ಗುಡ್ಡೆಗೆ ತರಗೆಲೆ ತರಲು ಹೋಗುತ್ತಿದ್ದ ದಿನಗಳು. ಅಮ್ಮ ತನ್ನ ಎತ್ತರದ್ದೇ ಒಂದು ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಳ್ಳುತ್ತಿದ್ದಳು. ನನ್ನ ಪಾಲಿಗೆ ಕತ್ತಿ ಮಾತ್ರ. "ಅಮ್ಮಾ, ಕೈ ನೋಯ್ತದೆ" ಎಂದರೆ ಅದೂ ಅರ್ಧ ದಾರಿಯಲ್ಲಿ ಹೊರೆಯ ಮೇಲೆ ಸೇರುತ್ತಿತ್ತು. ಹಗುರವಾಗಿ ನಡೆಯುವ ವಿದ್ಯೆ ನನಗೆ ವೀಡಿಯೋದಿಂದ ಬಂದದ್ದಲ್ಲ ಎಂದು ಈಗ ಅರ್ಥವಾಗುತ್ತದೆ.

ಇರಲಿ, ಎಲ್ಲಿದ್ದೆ? ಹಾಂ, ಹೊರಡುವ ಮೊದಲಿನ ಆದಿತ್ಯವಾರ ಅಂಗನವಾಡಿಯ ಜಗಲಿಯಲ್ಲಿ ಅಮ್ಮನೂ ಸೇರಿ ಒಂಬತ್ತು ಹೆಂಗಸರನ್ನು ಕೂರಿಸಿ ಪಾಠ ಮಾಡಿದೆ. ಗಿರಿಜಕ್ಕ ಹಿಂದೆ ಕೂತು ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತಿದ್ದರು.

"ನಿಯಮ ಒಂದು: ಯಾರ ಚೀಲವೂ ಮೂರು ಕಿಲೋ ಮೀರಬಾರದು. ನಿಯಮ ಎರಡು: ಎರಡು ಕೆಲಸಕ್ಕೆ ಬರುವ ಒಂದು ವಸ್ತು ತನ್ನಿ, ಒಂದು ಕೆಲಸಕ್ಕೆ ಬರುವ ಎರಡು ವಸ್ತು ಬೇಡ. ನಿಯಮ ಮೂರು: ಅವರವರ ಊಟ ಅವರವರಿಗೆ. ಹಂಚಿ ತಿನ್ನುವುದೆಂದು ಹೊರಟರೆ ಎಲ್ಲರೂ ಎಲ್ಲರಿಗೂ ತರುತ್ತೀರಿ, ತೂಕ ಕೆಡುತ್ತದೆ."

ಈ ಮೂರನೆಯ ನಿಯಮವನ್ನು ದಯವಿಟ್ಟು ನೆನಪಿಡಿ. ಮಾಡಿದವನು ನಾನೇ.

"ಒಂದು ಲೀಟರು ನೀರು ಅಂದ್ರೆ ಒಂದು ಕಿಲೋ" ಎಂದೆ.

ಕೂಟದಲ್ಲಿ ಎಲ್ಲರಿಗಿಂತ ಹಿರಿಯರಾದ ಕಮಲಕ್ಕ ಕೈ ಎತ್ತಿದರು. ಎಪ್ಪತ್ತರ ಹತ್ತಿರದ ಜೀವ, ಎಲೆ ಅಡಿಕೆ ತುಂಬಿದ ಬಾಯಿ. "ಮಗಾ, ನೀರು ಮನೆಯಲ್ಲೇ ಕುಡಿದು ಹೊರಟ್ರೆ?"

"ತುಂಬ ಒಳ್ಳೆಯದು ಕಮಲಕ್ಕ! ಚೀಲದ ತೂಕ ಉಳೀತದೆ."

"ಹಾಗಾದ್ರೆ ಹೊಟ್ಟೆಯಲ್ಲಿ ಇಟ್ಟದ್ದನ್ನು ಹೊರುವುದು ಯಾರು?"

ಎಲ್ಲರೂ ನಕ್ಕರು. ಗಿರಿಜಕ್ಕ ಆನೆಯಿಂದ ಕಣ್ಣು ತೆಗೆಯದೆ, "ಕಮಲಕ್ಕ, ಆ ಜನದತ್ರ ಕೇಳಿ, ಉಪ್ಪಿನಕಾಯಿಯ ಭರಣಿಗೂ ಈ ಕಾನೂನು ಉಂಟಾ, ಅಲ್ಲ ಅದಕ್ಕೆ ಬೇರೆ ಅರ್ಜಿ ಕೊಡ್ಲಿಕ್ಕುಂಟಾ, ಅದಕ್ಕೆ ಫೋಟೋ ಬೇಕಾ, ರೇಶನ್ ಕಾರ್ಡು ಬೇಕಾ, ಅಂತ" ಎಂದರು.

ಕಮಲಕ್ಕ ನನ್ನ ಕಡೆ ತಿರುಗಿ, "ಉಪ್ಪಿನಕಾಯಿ ತರ್ತಾಳಂತೆ" ಎಂದರು. ಆ ದಿನದಿಂದ ಕಮಲಕ್ಕನೇ ನಮ್ಮಿಬ್ಬರ ನಡುವಿನ ಅಂಚೆ. ಎಷ್ಟು ದೊಡ್ಡ ಬೈಗುಳ ಹಾಕಿದರೂ ಈಚೆ ಬರುವಾಗ ಪೋಸ್ಟ್ ಕಾರ್ಡಿನಷ್ಟೇ ಉಳಿಯುತ್ತಿತ್ತು.

ತೂಕದ ಪರೀಕ್ಷೆ ಹೊರಡುವ ದಿನ ಬೆಳಿಗ್ಗೆ ಸುಬ್ಬಣ್ಣನ ಅಡಿಕೆ ಶೆಡ್ಡಿನಲ್ಲಿ. ಅಲ್ಲಿ ತೊಲೆಯಿಂದ ಒಂದು ಹಳೆಯ ತಕ್ಕಡಿ ನೇತಾಡುತ್ತದೆ. ಕೆಳಗೆ ಕೊಕ್ಕೆ, ಮೇಲೆ ದುಂಡು ಮುಖ, ಮುಖದಲ್ಲೊಂದು ಮುಳ್ಳು. ಮುಳ್ಳು ಎಲ್ಲಿ ನಿಂತಿತೆಂದು ಸುಬ್ಬಣ್ಣನಿಗೆ ಮಾತ್ರ ಕಾಣುವ ಹಾಗೆ ಅದು ಒಳಗಿನ ಗೋಡೆಗೆ ಮುಖ ಮಾಡಿದೆ. ಸುಬ್ಬಣ್ಣ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ, ಕತ್ತೆತ್ತಿ ನೋಡಿ, ಕೂಗುವುದು. ನಾನು ಹೌದೆಂದು ತಲೆಯಾಡಿಸುವುದು.

"ಎರಡೂವರೆ!" ಪಾಸು. "ಎರಡು ಕಾಲು!" ಪಾಸು. ಅಮ್ಮನದು "ಎರಡು!" ಕಮಲಕ್ಕನ ಚೀಲ ನೋಡಿದರೆ ಬಾಣಂತಿಯ ಹಾಸಿಗೆ ಸುತ್ತಿಟ್ಟ ಹಾಗಿತ್ತು. ಇದು ಬಿದ್ದಿತು ಎಂದುಕೊಂಡೆ. "ಎರಡು ಮುಕ್ಕಾಲು!" ಗಿರಿಜಕ್ಕನ ದೊಡ್ಡ ಬಟ್ಟೆಯ ಗಂಟು ಕೊಕ್ಕೆಗೆ ಏರಿದಾಗ ತೊಲೆಯೇ ಕಿರ್ರೆಂದಿತು. "ಸರೀ ಮೂರು!"

ನಾನು ಹೆಮ್ಮೆಯಿಂದ ಸೊಂಟಕ್ಕೆ ಕೈ ಇಟ್ಟು ನಿಂತೆ. ಒಂದೇ ಪಾಠದಲ್ಲಿ ಒಂಬತ್ತು ಹೆಂಗಸರನ್ನು ತಿದ್ದಿದ್ದೆ! ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಕಂಡಿತು. ಅದು ನನ್ನ ಮೇಲಿನ ಗೌರವ ಎಂದುಕೊಂಡೆ.

ಕೊನೆಗೆ ನನ್ನ ಚೀಲ. "ಒಂದು ಕಿಲೋ!" ಎಂದರು ಸುಬ್ಬಣ್ಣ. ಸಾಕಿತ್ತು. ಆದರೆ ಹೊಗಳಿಕೆಯ ಅಮಲು ಏರಿತ್ತು. "ಇನ್ನೂ ಇಳಿಸ್ತೇನೆ ನೋಡಿ" ಎಂದು ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಎಲ್ಲರ ಎದುರೇ ಹೊರಗೆ ತೆಗೆದು ಶೆಡ್ಡಿನ ಕಿಟಕಿಯಲ್ಲಿಟ್ಟೆ. ಗುಡ್ಡದ ಮೇಲೆ ತಿನ್ನಲು ನನ್ನ ಬಳಿ ಒಂದು ಪೊಟ್ಟಣ ಇತ್ತು. ಅದರಲ್ಲಿ ಬಾದಾಮಿ ಏಳು, ದ್ರಾಕ್ಷಿ ಒಂಬತ್ತು, ವೀಡಿಯೋದ ಗಡ್ಡದವನು ಹೇಳಿದ ಲೆಕ್ಕ. ಚೀಲ ಮತ್ತೆ ಏರಿತು.

"ಇನ್ನೂರು ಗ್ರಾಂ!"

ಖಾಲಿ ಚೀಲವೇ ಆರುನೂರು ಗ್ರಾಂ ಎಂದು ಅದರ ಚೀಟಿಯಲ್ಲಿ ಅಚ್ಚಾಗಿತ್ತು. ಆ ಚೀಟಿಯನ್ನು ಕತ್ತರಿಸಿದವನೂ ನಾನೇ. ಆದರೂ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಚೀಟಿ ಕತ್ತರಿಸಿದ್ದರ ಫಲ ಇಷ್ಟೊಂದು ಇರುತ್ತದೆಯೇ ಎಂದು ಆಶ್ಚರ್ಯಪಟ್ಟೆ.

ವ್ಯಾನು ಬಾಯಾರಿನಲ್ಲಿ ನಮ್ಮನ್ನು ಇಳಿಸಿತು. ಗುಡ್ಡದ ಬುಡದವರೆಗೂ ರಸ್ತೆ ಉಂಟು. ಆದರೆ ವ್ಯಾನಿನಲ್ಲಿ ಹೋಗಿ ಹದಿನೈದು ನಿಮಿಷ ಹತ್ತಿ ಬರುವುದು ನಡಿಗೆಯಲ್ಲ ಎಂದು ಗಿರಿಜಕ್ಕ ವ್ಯಾನಿನ ಸೀಟಿಗೆ ತಿಳಿಸಿದ್ದರಿಂದ, ಎರಡು ಪದವು ದಾಟಿ ಕಾಲುದಾರಿಯಲ್ಲೇ ಹೋಗುವುದೆಂದಾಗಿತ್ತು. ಪದವೆಂದರೆ ನಿಮಗೆ ಗೊತ್ತಲ್ಲ, ಮುರಕಲ್ಲಿನ ಬಯಲು. ಮಳೆಗಾಲದಲ್ಲಿ ಹಸಿರು ಹಾಸು, ದಶಂಬರದಲ್ಲಿ ಕಾದ ಕಾವಲಿ. ಮೇಲೆ ನಡೆಯುವವರು ದೋಸೆ.

ನಾನು ಮಡಚುವ ಕೋಲುಗಳನ್ನು ಬಿಡಿಸಿ, ಎದೆಯ ಪಟ್ಟಿ, ಸೊಂಟದ ಪಟ್ಟಿ ಬಿಗಿದು, ಬೇಗ ಒಣಗುವ ಪ್ಯಾಂಟಿನ ಝಿಪ್ಪು ಸರಿಮಾಡಿ ತಲೆಯೆತ್ತಿದಾಗ ಹೆಂಗಸರು ಆಗಲೇ ಮೊದಲ ಏರಿನ ಅರ್ಧದಲ್ಲಿದ್ದರು. ಬಟ್ಟೆ ಸುತ್ತಿದ ಸಿಂಬೆ ತಲೆಯ ಮೇಲೆ, ಸಿಂಬೆಯ ಮೇಲೆ ಗಂಟು, ಕೈ ಎರಡೂ ಬೀಸಾಟಕ್ಕೆ ಬಿಡುವು. ಕಮಲಕ್ಕನ ಕಾಲಲ್ಲಿ ಹವಾಯಿ ಚಪ್ಪಲು. ಅದೂ ಒಂದು ನೀಲಿ, ಒಂದು ಕೆಂಪು. ಇಡೀ ಜೀವಮಾನ ಸೊಪ್ಪು, ಹುಲ್ಲು, ತರಗೆಲೆ ಹೊತ್ತು ಇಂಥದೇ ಗುಡ್ಡ ಇಳಿದ ಜನಕ್ಕೆ ನಾನು ಭಾರ ಹೊರುವ ಪಾಠ ಮಾಡಿದ್ದೆ.

ಏದುಸಿರು ಬಿಡುತ್ತ ಹಿಂದಿನಿಂದ ಕೂಗಿದೆ: "ತಲೆಯ ಮೇಲೆ ಬೇಡ! ಭಾರ ಸೊಂಟದ ಮೇಲೆ ಬರ್ಬೇಕು! ಶಾಸ್ತ್ರ ಹಾಗೆ ಹೇಳ್ತದೆ!"

ಗಿರಿಜಕ್ಕ ತಿರುಗಲಿಲ್ಲ. ತಲೆಯ ಮೇಲೆ ಗಂಟಿದ್ದವರು ತಿರುಗುವುದೂ ಇಲ್ಲ. "ಕಮಲಕ್ಕ, ಆ ಜನದತ್ರ ಹೇಳಿ, ಸೊಂಟದಲ್ಲಿ ಭಾರ ಹೊರ್ಲಿಕ್ಕೆ ಗುಡ್ಡಕ್ಕೆ ಬರ್ಬೇಕೂಂತ ಇಲ್ಲ, ಅವನ ಮನೆಯಲ್ಲಿ ಕೊಡಪಾನ ಉಂಟು, ಬಾವಿ ಉಂಟು, ಅವನ ಅಮ್ಮನಿಗೆ ಒಂದು ದಿನವಾದ್ರೂ ನೀರು ತಂದು ಕೊಟ್ಟಿದ್ದಾನಾ ಅಂತ!"

ಕಮಲಕ್ಕ ಈಚೆ ಕೂಗಿದರು: "ಬೇಡ ಅಂತೆ!"

ದಾರಿಯುದ್ದಕ್ಕೂ ಪ್ರಯತ್ನಪಟ್ಟೆ. ಒಂದು ಕಡೆ ಕಲ್ಲು ಜಾರುತ್ತಿತ್ತು. ಓಡಿ ಹೋಗಿ ಗಿರಿಜಕ್ಕನಿಗೆ ನನ್ನ ಕೋಲು ನೀಡಿದೆ. ಅವರು ಕೋಲಿನ ಕಡೆಯೂ ನೋಡದೆ ದಾಟಿದರು, ಜಾರಿದವನು ನಾನು. ಇನ್ನೊಂದು ಕಡೆ ನೆಲ್ಲಿಕಾಯಿ ಕಂಡಿತು. ಹತ್ತು ಕಿತ್ತು ನೀಡಿದೆ. ಅವರು ಅಂಗೈ ಒಡ್ಡಲಿಲ್ಲ; ಕಮಲಕ್ಕ ಒಡ್ಡಿದರು, ಹತ್ತನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಂಧಾನದಲ್ಲಿ ದಲ್ಲಾಳಿಗೇ ಲಾಭ ಎನ್ನುವುದು ಸುಳ್ಳಲ್ಲ. ನಡುವೆ ನಾನು ಮೆಲ್ಲನೆ ಕಮಲಕ್ಕನ ಬಳಿ, "ದನದತ್ರ ಯಾಕೆ ಮಾತು ಬಿಟ್ಟದ್ದಂತೆ? ಅದೇನು ಮಾಡಿದೆ ಪಾಪ?" ಎಂದು ಕೇಳಿ ಕಳಿಸಿದೆ. ಮುಂದೆ ಹೋಗಿ ಬಂದ ಕಮಲಕ್ಕ ಈ ಸಲ ಕತ್ತರಿಸದೆ ಹೇಳಿದರು: "ಹೆಂಗಸರಿಗೆ ಮನಸ್ಸು ಬಿಚ್ಚಲಿಕ್ಕೆ ಇದ್ದದ್ದು ಅದೊಂದು ಜಾಗ. ಅಲ್ಲಿಯೂ ಬೇಲಿಗೆ ಕಿವಿ ಉಂಟೂಂತ ಗೊತ್ತಾದ ಮೇಲೆ ಎಂತ ಮಾತಾಡುವುದು ಅಂತೆ."

ನಾನು ಸುಮ್ಮನೆ ನಡೆದದ್ದನ್ನು ಕಂಡು ಅಮ್ಮ ಹಿಂದೆ ಬಂದು ಹಣೆ ಮುಟ್ಟಿ ನೋಡಿದಳು.

ತುದಿ ತಲುಪುವಾಗ ಮಧ್ಯಾಹ್ನ. ಪಡುವಣಕ್ಕೆ ಕಡಲು ತಗಡಿನ ಹಾಗೆ ಮಿನುಗುತ್ತಿತ್ತು. ಸ್ವಲ್ಪ ಕೆಳಗೆ ಒಂದು ಗೇರುಮರ, ಅದರಡಿಯಲ್ಲಿ ಇದ್ದಷ್ಟು ನೆರಳು. ಅಲ್ಲಿ ಗಂಟುಗಳು ಬಿಚ್ಚಿಕೊಂಡವು.

ಮೊದಲು ಬಾಳೆಯೆಲೆಯ ಸುರುಳಿ. ಆಮೇಲೆ ಚಹಾದ ದೊಡ್ಡ ಫ್ಲಾಸ್ಕು. ಕಮಲಕ್ಕನ ಹಾಸಿಗೆಯೊಳಗಿನಿಂದ ಕೂರುವ ಮರದ ಮಣೆ ಬಂತು. ನೆಲದಲ್ಲಿ ಕೂತರೆ ಮೊಣಕಾಲು ಏಳುವುದಿಲ್ಲವಂತೆ. ಮಣೆಯ ಹಿಂದೆ ಒಂದು ಇಡೀ ಮುಳ್ಳುಸೌತೆ, ಚೂರಿ, ಉಪ್ಪು. ಅಮ್ಮನ ಚೀಲದಿಂದ ಒಣಮೀನಿನ ಚಟ್ನಿ, ಮತ್ತೊಬ್ಬರಿಂದ ಬಾಳೆಹಣ್ಣಿನ ಅರ್ಧ ಗೊನೆ. ಕೊನೆಗೆ ಗಿರಿಜಕ್ಕ ತಮ್ಮ ಗಂಟು ಬಿಚ್ಚಿದರು: ಮೂರು ಅಂತಸ್ತಿನ ಬುತ್ತಿ, ಭರಣಿ ತುಂಬ ಮಾವಿನಮಿಡಿ, ಒಂದು ಪಾತ್ರೆ ಕೋಳಿ ಸುಕ್ಕ, ಜೊತೆಗೆ ಕೇದಗೆಯ ಎಲೆಯ ಕೊಳವೆಯಲ್ಲಿ ಇಡ್ಲಿ ಹಿಟ್ಟು ಹೊಯ್ದು ಬೇಯಿಸಿದ ಮೂಡೆ, ಒಂದೆರಡಲ್ಲ, ಕಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು.

ನಾನು ಬಾಯಿ ಬಿಟ್ಟು ಲೆಕ್ಕ ಹಾಕಿದೆ. ಮಣೆಯೊಂದೇ ಒಂದೂವರೆ ಕಿಲೋ. "ಅಮ್ಮಾ, ಇದೆಲ್ಲ ಮೂರು ಕಿಲೋದೊಳಗೆ ಹೇಗೆ ಬಂತು? ಸುಬ್ಬಣ್ಣನ ತಕ್ಕಡಿ ಹಾಳಾಗಿದೆ!"

"ತಕ್ಕಡಿ ಸರಿಯೇ ಉಂಟು" ಅಮ್ಮ ಸೌತೆ ಹೆಚ್ಚುತ್ತ ಹೇಳಿದಳು. "ಅಡಿಕೆ ತೂಗುವಾಗ ಗೋಣಿಯದ್ದೂಂತ ಒಂದು ಕಿಲೋ ಕಳೆದು ಹೇಳುವುದಲ್ವಾ? ಮೂವತ್ತು ವರ್ಷದಿಂದ ಸುಬ್ಬಣ್ಣನ ಬಾಯಿಯಲ್ಲಿ ಕಳೆದದ್ದೇ ಬರುವುದು. ಕೊಕ್ಕೆಗೆ ಎಂತ ನೇತು ಹಾಕಿದ್ರೂ ಹಾಗೆಯೇ."

"ನನ್ನ ಮೊಮ್ಮಗು ಹುಟ್ಟಿದಾಗ ಬಟ್ಟೆಯಲ್ಲಿ ಸುತ್ತಿ ತೂಗಿದ್ದು ನೆನಪುಂಟಾ?" ಕಮಲಕ್ಕ ಮಣೆಯ ಮೇಲಿಂದ ಹೇಳಿದರು. "ಆಸ್ಪತ್ರೆಯಲ್ಲಿ ಮೂರು ಕಿಲೋ ಇದ್ದದ್ದು ಮನೆಗೆ ಬರುವಾಗ ಎರಡೂಂತ ಹೇಳಿದ್ದು! ಇಡೀ ಮನೆ ಬೊಬ್ಬೆ!"

"ಎಲ್ಲರಿಗೂ ಗೊತ್ತಿತ್ತಾ?"

"ಅಡಿಕೆ ಬೆಳೆಯುವ ಊರಲ್ಲಿ ಹುಟ್ಟಿ ನಿನಗೆ ಗೊತ್ತಿಲ್ಲದ್ದೇ ಆಶ್ಚರ್ಯ" ಎಂದಳು ಅಮ್ಮ.

ಹಾಗಾದರೆ ನನ್ನ ಇನ್ನೂರು ಗ್ರಾಮಿನ ದಾಖಲೆ? ಅದೂ ಒಂದು ಕಿಲೋ ಇನ್ನೂರು. ನಾನು ಊಟ ಬಿಟ್ಟು ಬಂದದ್ದು, ಇಲ್ಲದ ಗೋಣಿಯೊಂದನ್ನು ಸೋಲಿಸಲು.

ಎಲೆ ಹಾಸಿದರು, ಬಡಿಸಿದರು, ತಿನ್ನತೊಡಗಿದರು. ನಾನು ಗೇರುಮರಕ್ಕೆ ಒರಗಿ ಏಳು ಬಾದಾಮಿಯಲ್ಲಿ ಮೊದಲನೆಯದನ್ನು ಚಮಚದಲ್ಲಿಟ್ಟು ತಿಂದೆ. ಕೋಳಿ ಸುಕ್ಕದ ಮುಚ್ಚಳ ತೆರೆಯಿತು. ಗಾಳಿ ನನ್ನ ಕಡೆಗೇ ಬೀಸಿತು. ಎರಡನೆಯ ಬಾದಾಮಿಯನ್ನು ಪೊಟ್ಟಣಕ್ಕೇ ವಾಪಸು ಹಾಕಿದೆ.

"ಅಮ್ಮಾ..." ಎಂದೆ ಮೆಲ್ಲಗೆ.

"ಅವರವರ ಊಟ ಅವರವರಿಗೆ" ಎಂದಳು ಹೆತ್ತ ತಾಯಿ. "ಮತ್ತೆ ಮೂಡೆ ನನ್ನದಲ್ಲ. ಯಾರದ್ದೋ ಅವರತ್ರ ಕೇಳು."

ಎಂಟು ಎಲೆಗಳ ಮೇಲೆ ಕೈ ನಿಂತಿತು. ಗಿರಿಜಕ್ಕ ಮಾತ್ರ ಮೂಡೆಯ ಎಲೆ ಬಿಡಿಸುತ್ತಲೇ ಇದ್ದರು.

ನಾನು ಎದ್ದು ಹೋಗಿ ಎದುರು ನಿಂತೆ. ಮೊದಲು ಕಂಡಕ್ಟರ ಸ್ವರದಲ್ಲಿ, "ಗಿರಿಜಕ್ಕ ಸ್ಟಾಪು, ತಪ್ಪಾಯ್ತು ಒಂದು ಟಿಕೇಟು!" ಎಂದೆ. ಯಾರೂ ನಗಲಿಲ್ಲ. ಮೆಂಬರ ಸ್ವರದಲ್ಲಿ, "ಈ ಸಂದರ್ಭದಲ್ಲಿ ನಾನು ಅತ್ಯಂತ ಖೇದದಿಂದ" ಎಂದು ಶುರು ಮಾಡಿದೆ. ಗಿರಿಜಕ್ಕ ಇನ್ನೊಂದು ಮೂಡೆ ಬಿಡಿಸಿದರು.

"ಮಗಾ" ಎಂದರು ಕಮಲಕ್ಕ, "ಆ ಜನರನ್ನೆಲ್ಲ ಕೆಳಗೆ ಕಳಿಸು. ನಿನ್ನ ಸ್ವರದಲ್ಲಿ ಹೇಳು. ಅಂಚೆ ಇವತ್ತಿಗೆ ಬಂದ್."

ನನ್ನ ಸ್ವರ ಹೇಗಿದೆಯೆಂದು ಮೊದಲೇ ಹೇಳಿದ್ದೇನಲ್ಲ. ಅದರಲ್ಲೇ, ಕಿರ್ರೆನ್ನುತ್ತ, "ಗಿರಿಜಕ್ಕ, ನೀವು ದನದತ್ರ ಹೇಳಿದ್ದನ್ನು ನಾನು ಕೇಳ್ಬಾರದಿತ್ತು. ಕೇಳಿದ್ರೂ ಹೇಳ್ಬಾರದಿತ್ತು. ನಗಿಸುವ ಹುಚ್ಚಿನಲ್ಲಿ ಮಾಡಿದೆ. ತಪ್ಪಾಯ್ತು. ಇನ್ನು ನಾನು ಬಾವಿಯ ಹತ್ತಿರ ಹೋಗಿ ಹಲ್ಲುಜ್ಜುತ್ತೇನೆ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಗೌರವ ಉಳಿಯುತ್ತಿತ್ತು. ಆದರೆ ಹೊಟ್ಟೆ ಸೇರಿಸಿತು: "ಮತ್ತೆ, ಒಂದು ಮೂಡೆ ಕೊಡ್ತೀರಾ?"

ಗಿರಿಜಕ್ಕ ಬಿಡಿಸಿದ ಮೂಡೆಗಳನ್ನು ಒಂದು ಎಲೆಯಲ್ಲಿ ಸಾಲಾಗಿ ಇಟ್ಟರು. ಮೂರು. ಪಕ್ಕದಲ್ಲಿ ಸುಕ್ಕ. ಅದರ ಪಕ್ಕದಲ್ಲಿ ಮಿಡಿ. ಆ ಎಲೆ ಯಾರದೆಂದು ನಾನು ಸುತ್ತ ನೋಡಿದೆ. ಎಲ್ಲರ ಮುಂದೆಯೂ ಒಂದೊಂದಿತ್ತು. ಅದನ್ನು ನನ್ನ ಕಡೆ ಒಂದು ಗೇಣು ಸರಿಸಿದರು. ನಾನು ಕೂತು, ಚಮಚವನ್ನು ಜೇಬಿಗೆ ಹಾಕಿ, ಐದೂ ಬೆರಳಲ್ಲಿ ಉಂಡೆ. ಮೂರು ಮುಗಿದವು, ಮತ್ತೆ ಎರಡು ಬಂದವು. ಮಾತು ಮಾತ್ರ ಬರಲಿಲ್ಲ. ಅಮ್ಮ ನನ್ನನ್ನೂ ಇಳಿಯುವ ದಾರಿಯನ್ನೂ ಸರದಿಯಲ್ಲಿ ನೋಡುತ್ತಿದ್ದಳು.

ಊಟವಾಗಿ, ಎಲೆ ಎತ್ತಿ, ಫ್ಲಾಸ್ಕಿನ ಚಹಾ ಮುಗಿದ ಮೇಲೆ ಗಿರಿಜಕ್ಕ ಎದ್ದರು. ಖಾಲಿ ಬುತ್ತಿ, ಸುಕ್ಕದ ಪಾತ್ರೆ, ಭರಣಿ, ಫ್ಲಾಸ್ಕು, ಚಟ್ನಿಯ ಡಬ್ಬ ಎಲ್ಲವನ್ನೂ ಒಂದು ಕಡೆ ರಾಶಿ ಹಾಕಿದರು. ಕಮಲಕ್ಕನನ್ನು ಏಳಿಸಿ ಅವರ ಮಣೆಯನ್ನೂ ರಾಶಿಯ ಮೇಲಿಟ್ಟರು. ಆಮೇಲೆ ಗೇರುಮರದ ಬುಡದಲ್ಲಿ ಗಾಳಿಗೆ ಹಾರಾಡುತ್ತಿದ್ದ ನನ್ನ ಚೀಲವನ್ನು ಎತ್ತಿ, ಅಲ್ಲಾಡಿಸಿ ನೋಡಿ, ನನ್ನ ಎದುರು ತಂದು ಹಾಕಿದರು. ಮೂರು ತಿಂಗಳ ಮೇಲೆ ಮೊದಲ ಸಲ ನನ್ನ ಮುಖವನ್ನೇ ನೋಡಿ ಹೇಳಿದರು:

"ಇದೆಲ್ಲ ಇದರೊಳಗೆ ತುಂಬಿಸು. ಇಳಿಯುವಾಗ ನೀನೇ ಹೊರ್ಲಿಕ್ಕುಂಟು."

ನಾನು ಕೂತಲ್ಲಿಂದ ಹಾರಿದೆ. "ಅಮ್ಮಾ! ಕೇಳಿದ್ಯಾ? ಗಿರಿಜಕ್ಕ ನನ್ನತ್ರ ಮಾತಾಡಿದ್ರು! ನೇರ! ಎಲ್ಲರೂ ಸಾಕ್ಷಿ, ಮಾತಾಡಿದ್ರು!"

ಗಿರಿಜಕ್ಕ ಸಿಂಬೆ ಕೊಡವಿ ತಲೆಗೆ ಇಟ್ಟುಕೊಳ್ಳುತ್ತ ಹೇಳಿದರು:

"ಮಾತಾಡಿದ್ದಲ್ಲ ಮಾರಾಯ, ಕೆಲಸ ಹೇಳಿದ್ದು."